ತೂಗದೆ ಬಿಟ್ಟ ತಟ್ಟೆ

ಫೆಬ್ರವರಿ 9

ಪ್ರೀತಿಯ ಅತ್ತೆ,

ಈ ಲಕೋಟೆಯಲ್ಲಿ ಒಂದು ಮಾತ್ರೆ ಡಬ್ಬಿ ಇದೆ. ಮಾತ್ರೆ ಅಂದುಕೊಂಡು ನುಂಗಿಬಿಡಬೇಡ. ಒಳಗಿರುವುದು ನಿನ್ನ ಮಂಡಿಯ ಬುಷ್. ನೋಡಲು ಬೂದು ಬಣ್ಣದ ಗಿಡ್ಡ ಬಳೆ, ಅಷ್ಟೇ. ಆದರೆ ನನ್ನ ನಾಲ್ಕು ವರ್ಷದ ಸಂಶೋಧನೆ ಅದರೊಳಗೆ ಕೂತಿದೆ.

ಇಪ್ಪತ್ತಾರು ವರ್ಷದಿಂದ ನೀನು ಹಾಕಿಕೊಳ್ಳುತ್ತಿರುವ ಕೃತಕ ಕಾಲಿನ ಮಂಡಿ ಒಂದು ಉಕ್ಕಿನ ಅಚ್ಚಿನ, ಅಂದರೆ ಅಡ್ಡ ಕಡ್ಡಿಯ, ಮೇಲೆ ಮಡಚಿಕೊಳ್ಳುತ್ತದೆ. ಅಚ್ಚಿನ ಸುತ್ತ ಪ್ಲಾಸ್ಟಿಕ್ ಬುಷ್ ಇರುತ್ತದೆ. ಅದು ಆರೇಳು ತಿಂಗಳಿಗೆ ಸವೆದು ಸಡಿಲವಾಗುತ್ತದೆ. ಎಣ್ಣೆ ಬಿಟ್ಟರೆ ಧೂಳು ಹಿಡಿಯುತ್ತದೆ, ಸೀರೆಗೆ ಕಲೆಯಾಗುತ್ತದೆ, ಆಮೇಲೆ ನೀನು ಇಡೀ ವಾರ ಮುಖ ಗಂಟು ಹಾಕಿಕೊಂಡಿರುತ್ತೀಯ. ಹಾಗಾಗಿ ಒಣ ಉಜ್ಜುವಿಕೆಯಲ್ಲೇ ಬಾಳುವ ಲೋಹ ಬೇಕಿತ್ತು.

ನಾವು ಮಾಡುವುದು ಇಷ್ಟು. ಕರಗಿದ ಅಲ್ಯೂಮಿನಿಯಮ್ಮಿಗೆ ಸಿಲಿಕಾನ್ ಕಾರ್ಬೈಡ್ ಅನ್ನುವ ಗಟ್ಟಿ ಪಿಂಗಾಣಿ ಜಾತಿಯ ಕಣಗಳನ್ನು ಸುರಿದು ಕಲಕುತ್ತೇವೆ. ಕಣಗಳನ್ನು ಮೊದಲು ಚೆನ್ನಾಗಿ ಕಾಯಿಸಿಕೊಂಡಿರಬೇಕು, ಇಲ್ಲದಿದ್ದರೆ ಲೋಹ ಅವನ್ನು ಹತ್ತಿರ ಸೇರಿಸುವುದಿಲ್ಲ, ಎಲ್ಲವೂ ಮೇಲೆ ತೇಲುತ್ತವೆ. ಎರಕ ಹೊಯ್ದ ಮೇಲೆ ಸಣ್ಣ ಪಿನ್ನುಗಳನ್ನು ಕಡೆದು, ಒಂದೊಂದನ್ನೇ ತಿರುಗುವ ಉಕ್ಕಿನ ತಟ್ಟೆಯ ಮೇಲೆ ಮೂರು ಕಿಲೋ ಭಾರ ಹಾಕಿ ಒತ್ತಿ ಹಿಡಿಯುತ್ತೇವೆ. ಎರಡು ಕಿಲೋಮೀಟರ್ ಉಜ್ಜಿದ ಮೇಲೆ ಪಿನ್ನನ್ನು ತೂಗುತ್ತೇವೆ. ಬರಿಯ ಅಲ್ಯೂಮಿನಿಯಂ ಪಿನ್ ಇಪ್ಪತ್ತೆರಡು ಮಿಲಿಗ್ರಾಂ ಕಳೆದುಕೊಂಡಿತು. ನೂರಕ್ಕೆ ಹದಿನೈದು ಪಾಲು ಕಣ ಸೇರಿಸಿದ್ದು ಕಳೆದುಕೊಂಡದ್ದು ಬರೀ ಮೂರು. ಯಂತ್ರದ ಮುಂದೆ ನಾನೊಬ್ಬಳೇ ಕುಣಿದೆ. ನಮ್ಮ ಗೈಡ್ ಬಾಗಿಲಲ್ಲಿ ನಿಂತು ನೋಡಿ, ಬಾಗಿಲು ಎಳೆದುಕೊಂಡು ಹೋದರು.

ಕಾಲಿನ ಮೇಸ್ತ್ರಿಗೆ ಬೇರೆಯಾಗಿ ಬರೆದಿದ್ದೇನೆ. ಅವರು ಕೂರಿಸಿಕೊಡುತ್ತಾರೆ. ತಿಂಗಳಿಗೊಂದು ಸಲ ಹೇಗಿದೆ ಎಂದು ಬರಿ. ನಿನ್ನನ್ನೇ ಯಾಕೆ ಆರಿಸಿಕೊಂಡೆ ಗೊತ್ತೇ? ಅಮ್ಮ ಹೋದ ಮೇಲೆ ನಿನ್ನ ಮನೆಗೆ ಬಂದ ಏಳು ವರ್ಷದ ಹುಡುಗಿ ಬರೆದ ಚಿತ್ರ ನೋಡಿ "ಇದು ಹಸುನೋ ಮೇಜೋ?" ಅಂತ ಕೇಳಿದವಳು ನೀನು. ಮುಖ ನೋಡಿ ಹೊಗಳುವವಳಲ್ಲ. ಅದಕ್ಕೇ.

ನಿನ್ನ,
ಚೂಟಿ

ಮಾರ್ಚ್ 4

ಚೂಟಿ,

ಮಂಡಿ ತಲುಪಿತು. ಲಕೋಟೆಯಲ್ಲಿ ಮಂಡಿ ತರಿಸಿಕೊಂಡ ಹೆಂಗಸು ಈ ಬೀದಿಯಲ್ಲಿ ನಾನೊಬ್ಬಳೇ ಇರಬೇಕು.

ಮೇಸ್ತ್ರಿ ಅದನ್ನು ಎರಡು ಬೆರಳಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ, ಉಗುರಿನಿಂದ ಕೆರೆದು ನೋಡಿದ. "ಉಗುರೇ ಸವೀತು ಕಣಕ್ಕಾ" ಅಂದ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಅರ್ಧ ಗಂಟೆಯಲ್ಲಿ ಕೂರಿಸಿಕೊಟ್ಟ. ಇವತ್ತಿಗೆ ಹತ್ತು ದಿನವಾಯಿತು. ಸಡಿಲವಿಲ್ಲ, ಅಲುಗಾಟವಿಲ್ಲ. ವಾಚನಾಲಯದ ಮೂರು ಮೆಟ್ಟಿಲನ್ನು ಗೋಡೆ ಹಿಡಿಯದೆ ಹತ್ತಿದೆ. ದಿನವೂ ನಾನು ಬೀಗ ತೆಗೆಯುವುದಕ್ಕೆ ಮೊದಲೇ ಬಂದು ಕಾಯುವ ಪತ್ರಿಕೆ ಅಜ್ಜ ನನ್ನನ್ನು ನೋಡಿ "ಏನಮ್ಮಾ, ಇವತ್ತು ಮದುವೆ ಹೆಣ್ಣಿನ ಹಾಗೆ ನಡೀತಿದ್ದೀಯಾ?" ಅಂದರು. ಐವತ್ತು ದಾಟಿದ ಮೇಲೆ ಇಂಥ ಮಾತು ಕೇಳಲು ಸಿಗುವುದು ಅಪರೂಪ. ಅವರಿಗೆ ಕನ್ನಡಕದ ನಂಬರ್ ಬದಲಾಗಿದೆ ಅನ್ನುವುದು ಬೇರೆ ವಿಷಯ.

ಇನ್ನೊಂದು ಮಾತು ಹೇಳಬೇಕು. ನನಗೆ ಇಷ್ಟು ವರ್ಷ ಸಿಕ್ಕ ಕಾಲುಗಳೆಲ್ಲ ಅಳತೆಗೆ ತಕ್ಕಂತೆ ಹುಡುಕಿಕೊಟ್ಟವು. ನಾನು ಅನ್ನುವವಳೊಬ್ಬಳಿದ್ದೇನೆಂದು ನೆನೆದು ಯಾರಾದರೂ ಮಾಡಿದ್ದು ಇದೊಂದೇ. ಬರೆಯುತ್ತಾ ಕಣ್ಣು ತುಂಬಿತು. ಬೇಗ ಒರೆಸಿಕೊಂಡೆ, ಎದುರಿಗೆ ಓದುಗರಿದ್ದಾರೆ.

ಸರಿಯಾಗಿ ಊಟ ಮಾಡು. ಹೋದ ಸಲ ನಿನ್ನ ಕತ್ತಿನ ಮೂಳೆ ಎಣಿಸಬಹುದಾಗಿತ್ತು.

ಅತ್ತೆ

ಏಪ್ರಿಲ್ 11

ಚೂಟಿ,

ಕಾಲು ಚೆನ್ನಾಗಿದೆ. ಅದ್ಭುತವಾಗಿದೆ. ನಿನ್ನ ಬುಷ್ ಕೂರಿಸಿದ ದಿನ ಹೇಗಿತ್ತೋ ಹಾಗೇ ಇದೆ.

ವಾಚನಾಲಯಕ್ಕೆ ಸುಣ್ಣ ಹೊಡೆಸುತ್ತಿದ್ದಾರೆ, ಪುಸ್ತಕವೆಲ್ಲ ನೆಲದ ಮೇಲಿವೆ. ಹೆಚ್ಚು ಬರೆಯಲು ಪುರುಸೊತ್ತಿಲ್ಲ.

ಅತ್ತೆ

ಮೇ 2

ಪ್ರೀತಿಯ ಅತ್ತೆ,

"ಅದ್ಭುತವಾಗಿದೆ." ನೀನು! ನಂಬಲಾರದೆ ಮೂರು ಸಲ ಓದಿದೆ. ಹತ್ತನೇ ತರಗತಿಯಲ್ಲಿ ನನಗೆ ಗಣಿತಕ್ಕೆ ತೊಂಬತ್ತೆಂಟು ಬಂದಾಗ "ಆ ಎರಡು ಎಲ್ಲಿ ಬಿಟ್ಟೆ?" ಅಂದವಳು ನೀನೇ ತಾನೇ? ಕಾಗದವನ್ನು ತಕ್ಕಡಿಯ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಪಕ್ಕದ ಮೇಜಿನವನಿಗೆ ತೋರಿಸಿದರೆ "ಅಷ್ಟೇನಾ?" ಅಂದ. ಅವನಿಗೆ ನಿನ್ನ ಪರಿಚಯವಿಲ್ಲ, ಪಾಪ.

ಈಗ ಒಳ್ಳೆಯ ಸುದ್ದಿ. ನಿನ್ನ ಮಂಡಿಯ ಅನುಭವವನ್ನು ಪಿಎಚ್.ಡಿ. ಪ್ರಬಂಧದ ಕೊನೆಯ ಅಧ್ಯಾಯಕ್ಕೆ ಸೇರಿಸಲು ಗೈಡ್ ಒಪ್ಪಿದ್ದಾರೆ. ನಿನ್ನ ಪತ್ರಗಳ ಸಾಲುಗಳನ್ನೇ ಎತ್ತಿ ಹಾಕಿದ್ದೇನೆ, ಸಾಕ್ಷಿಯಾಗಿ. ಜುಲೈಗೆ ಪ್ರಬಂಧ ಒಪ್ಪಿಸುವುದು. ಅದೇ ಎರಕದಿಂದ ಇನ್ನೂ ಹನ್ನೆರಡು ಬುಷ್ ಕಡೆಸಿ ಮೇಸ್ತ್ರಿಗೆ ಕಳಿಸಿದ್ದೇನೆ. ಜೂನ್ ಹದಿನೈದಕ್ಕೆ ಮೊದಲನೆಯದನ್ನು ಲಾಂಡ್ರಿಯವಳೊಬ್ಬಳಿಗೆ ಹಾಕುತ್ತಾರಂತೆ. ದಿನವಿಡೀ ನಿಂತು ಇಸ್ತ್ರಿ ಮಾಡುವವಳು, ಬಟ್ಟೆಯ ಗಂಟು ಹೊತ್ತು ಮಹಡಿ ಮನೆಗಳಿಗೆ ಹತ್ತಿ ಇಳಿಯುವವಳು ಎಂದು ಬರೆದಿದ್ದಾರೆ. ಅಂಥವರಿಗೆ ಉಪಯೋಗವಾದರೆ ನಾನು ಓದಿದ್ದು ಸಾರ್ಥಕ.

ಇದಕ್ಕೆಲ್ಲ ಮೂಲ ನೀನು. ಕೆಲಸ ಮುಗಿಸಿ ಬಂದು, ಕಾಲು ಕಳಚಿಟ್ಟು, ನೆಲದ ಮೇಲೆ ಕೂತು ನನಗೆ ಭಿನ್ನರಾಶಿ ಹೇಳಿಕೊಟ್ಟವಳು. ಎದುರಿಗೆ ಹೇಳಲು ಹೋದರೆ "ಸಾಕು, ಹೋಗಿ ಕೈ ತೊಳ್ಕೋ" ಅಂತೀಯ. ಅದಕ್ಕೇ ಕಾಗದದಲ್ಲಿ ಹೇಳುತ್ತಿದ್ದೇನೆ.

ನಿನ್ನ,
ಚೂಟಿ

ಮೇ 20

ಚೂಟಿ,

ಈ ಕಾಗದವನ್ನು ಕೂತುಕೊಂಡು ಓದು.

ನಿನ್ನ ಬುಷ್ ಕೂರಿಸಿದ ದಿನ ಹೇಗಿತ್ತೋ ಹಾಗೇ ಇದೆ ಎಂದು ಬರೆದಿದ್ದೆನಲ್ಲ, ಅದು ನಿಜ. ಬುಷ್ ಸವೆದಿಲ್ಲ. ಸವೆದದ್ದು ಅಚ್ಚು. ಅದನ್ನು ಬರೆಯಲಿಲ್ಲ.

ಮೂರನೆಯ ವಾರಕ್ಕೆ ಮಂಡಿ ಟಕ್ ಅನ್ನಲು ಶುರುವಾಯಿತು. 'ನಿಶ್ಶಬ್ದವಾಗಿರಿ' ಎಂದು ಗೋಡೆಯಲ್ಲಿ ಬೋರ್ಡು, ಅದರ ಕೆಳಗೆ ಟಕ್ ಟಕ್ ಅಂತ ನಾನು. ಓದುಗರು ತಲೆ ಎತ್ತಿ ನೋಡುತ್ತಾರೆ, ನಾನು ಬೇರೆ ಯಾರನ್ನೋ ಗದರುವ ಹಾಗೆ ಅತ್ತ ಇತ್ತ ನೋಡುತ್ತೇನೆ. ಏಪ್ರಿಲ್ ಮೊದಲ ವಾರ ಮೇಸ್ತ್ರಿ ಅಚ್ಚು ಬದಲಿಸಿದ. ಮೇ ತಿಂಗಳಲ್ಲಿ ಮತ್ತೆ ಬದಲಿಸಿದ. "ನೀವೇ ಬರೀತೀರೋ ನಾನು ಬರೀಲೋ?" ಅಂತ ಎರಡು ಸಲ ಕೇಳಿದ. ನಿನಗೆ ಬರೆದರೆ ಇನ್ನು ಅವನ ಮುಖ ನೋಡುವುದಿಲ್ಲವೆಂದು ಹೆದರಿಸಿ ಬಾಯಿ ಮುಚ್ಚಿಸಿದೆ. ಲಾಂಡ್ರಿಯವಳಿಗೆ ಜೂನ್ ಹದಿನೈದು ಎಂದು ದೂರದ ದಿನ ಹೇಳಿದ್ದೂ, ಅಷ್ಟರೊಳಗೆ ನಾನೇ ಬರೆಯಲಿ ಎಂದಂತೆ. ಸುಣ್ಣ ಹೊಡೆಸಿದ್ದು ನಿಜ, ಆದರೆ ಅದು ಎರಡೇ ದಿನದ ಕೆಲಸ.

ಮೊನ್ನೆ ಮೇಲಿನ ಸಾಲಿನ ಪುಸ್ತಕ ತೆಗೆಯಲು ಸ್ಟೂಲಿನ ಮೇಲೆ ನಿಂತಿದ್ದಾಗ ಮಂಡಿ ಹೇಳದೆ ಕೇಳದೆ ಮಡಚಿಕೊಂಡಿತು. ಕಪಾಟು ಹಿಡಿದುಕೊಂಡು ಉಳಿದೆ. ಪತ್ರಿಕೆ ಅಜ್ಜ ಓಡಿ ಬಂದು ಸೊಂಟ ಹಿಡಿದರು, ಪಾಪ, ಅವರೇ ಅರ್ಧ ಬಿದ್ದರು. ಆದರೂ ನಿನಗೆ ಬರೆಯುತ್ತಿರಲಿಲ್ಲವೇನೋ. ನನ್ನ ಕಾಲು, ನನ್ನ ಸುಳ್ಳು ಎಂದು ಹೊಟ್ಟೆಯಲ್ಲಿಟ್ಟುಕೊಳ್ಳುತ್ತಿದ್ದೆ.

ನಿನ್ನೆ ಕಾಲಿನ ಅಂಗಡಿಗೆ ಹೋಗಿದ್ದೆ. ಅಲ್ಲಿ ಆ ಲಾಂಡ್ರಿಯವಳು ಅಳತೆ ಕೊಡಲು ಬಂದಿದ್ದಳು. ಮೂವತ್ತರ ಒಳಗಿನವಳು, ಕೈ ತುಂಬ ಸುಟ್ಟ ಗುರುತು. ನನ್ನನ್ನು ನೋಡಿ ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಕೂತಳು. "ಅಕ್ಕಾ, ನೀವೇ ಅಂತೆ ಹೊಸ ಮಂಡಿ ಮೊದಲು ಹಾಕ್ಕೊಂಡೋರು. ನಂಬಬಹುದಾ? ನಾನು ಗಂಟು ತಲೆ ಮೇಲಿಟ್ಟು ಮೆಟ್ಟಿಲು ಇಳೀಬೇಕು" ಅಂದಳು. ಅವಳು ಕೇಳಿದ್ದು ಒಂದು ಮಾತು, ಹೌದೋ ಅಲ್ಲವೋ. ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದ. "ಇಲ್ಲ ಕಣಮ್ಮಾ, ಈಗಲೇ ಹಾಕ್ಕೋಬೇಡ" ಅಂದೆ. ಹನ್ನೆರಡು ಬುಷ್ಷನ್ನೂ ಅವನು ಡಬ್ಬಿಗೆ ಹಾಕಿ ಮೇಲಿನ ಕಪಾಟಿನಲ್ಲಿಟ್ಟ.

ಆಮೇಲೆ ನನ್ನ ಮಂಡಿ ಬಿಚ್ಚಿ ಒಳಗಿದ್ದ ಕಪ್ಪು ಪುಡಿಯನ್ನು ಕಾಗದದ ಮೇಲೆ ಉದುರಿಸಿದ. ಸ್ಕ್ರೂ ಹೆಕ್ಕುವ ಅಯಸ್ಕಾಂತ ಹತ್ತಿರ ತಂದರೆ ಪುಡಿ ಎದ್ದು ಹೋಗಿ ಅಂಟಿಕೊಂಡಿತು. "ಅಲ್ಯೂಮಿನಿಯಂ ಹೀಗೆ ಅಂಟಲ್ಲ ಅಕ್ಕಾ, ಇದು ಉಕ್ಕು" ಅಂದ. ಪುಡಿಯನ್ನು ಮಡಿಸಿ ಇದರಲ್ಲಿಟ್ಟಿದ್ದೇನೆ. ಸವೆದ ಎರಡು ಅಚ್ಚುಗಳೂ ಇವೆ, ಬೆರಳಾಡಿಸಿ ನೋಡು, ನಡು ಸಣ್ಣಗಾಗಿದೆ.

ಯಾಕೆ ಸುಳ್ಳು ಹೇಳಿದೆ? ನೀನು ನನಗಾಗಿ ಮಾಡಿದ್ದರಲ್ಲಿ ಕೊರತೆ ಹೇಳಲು ಬಾಯಿ ಬರಲಿಲ್ಲ. ಅಷ್ಟೇ. ಜೀವಮಾನದಲ್ಲಿ ಮೊದಲ ಸಲ ಬಾಯಿ ಬರಲಿಲ್ಲ, ಅದೂ ಬರಲೇಬೇಕಾದ ಕಡೆ. ನಿನ್ನ ಅಧ್ಯಾಯಕ್ಕೆ, ನಿನ್ನ ಜುಲೈಗೆ ನಾನೇ ಕಲ್ಲು ಹಾಕುತ್ತಿದ್ದೇನೆಂದು ಗೊತ್ತು. ಬೈಯುವುದಿದ್ದರೆ ಬೈ. ಆದರೆ ಬರಿ.

ಅತ್ತೆ

ಜೂನ್ 18

ಚೂಟಿ,

ನಾಲ್ಕು ವಾರವಾಯಿತು. ಅಂಚೆಯವನು ಬಾಗಿಲ ಹತ್ತಿರ ಬಂದರೆ ನಾನು ಪುಸ್ತಕಕ್ಕೆ ಮುದ್ರೆ ಒತ್ತುವುದನ್ನು ನಿಲ್ಲಿಸುತ್ತೇನೆ. ಅವನು ಪತ್ರಿಕೆ ಕೊಟ್ಟು ಹೋಗುತ್ತಾನೆ.

ಹಳೆಯ ಪ್ಲಾಸ್ಟಿಕ್ ಬುಷ್ಷನ್ನೇ ಹಾಕಿಸಿಕೊಂಡಿದ್ದೇನೆ. ಬೀಳುವ ಭಯವಿಲ್ಲ. ನೀನು ಊಟ ಮಾಡುತ್ತಿದ್ದೀಯಾ, ಅಷ್ಟಾದರೂ ಬರಿ.

ಅತ್ತೆ

ಜುಲೈ 6

ಅತ್ತೆ,

ಊಟ ಮಾಡುತ್ತಿದ್ದೇನೆ.

ಮೊದಲು ಕೋಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಬರೆಯಲಾಗುವುದಿಲ್ಲ. ಇಪ್ಪತ್ತು ವರ್ಷ ಒಂದು ಸಲವೂ ಹೊಗಳದವಳು, ಹೊಗಳಿದ ಒಂದೇ ಒಂದು ಸಲ ಸುಳ್ಳು ಹೊಗಳಿದೆಯಲ್ಲ. ಗೋಡೆಗೆ ಅಂಟಿಸಿದ್ದನ್ನು ಕಿತ್ತು ಚೂರು ಮಾಡಿದೆ. ಮೂರು ದಿನ ಲ್ಯಾಬಿಗೆ ಹೋಗಲಿಲ್ಲ. ನೀನು ಸ್ಟೂಲಿನ ಮೇಲಿಂದ ಬಿದ್ದಿದ್ದರೆ ಎಂದು ನೆನೆದಾಗಲೆಲ್ಲ ಅದಕ್ಕೂ ನಿನ್ನ ಮೇಲೆಯೇ ಕೋಪ.

ನಾಲ್ಕನೆಯ ದಿನ ಹೋದೆ. ಒಂದು ಪಿನ್ ಹಾಕಿ ಯಂತ್ರ ಓಡಿಸಿದೆ. ಮುಗಿದ ಮೇಲೆ ಎಂದಿನ ಹಾಗೆ ಮರಳು ಕಾಗದ ತೆಗೆದುಕೊಂಡು ತಟ್ಟೆಯನ್ನು ಉಜ್ಜಲು ಕೈ ಹಾಕಿದೆ, ಮುಂದಿನ ಪಿನ್ನಿಗೆ ಹೊಸದಾಗಿರಲಿ ಎಂದು. ಕೈ ಅಲ್ಲೇ ನಿಂತಿತು. ಅತ್ತೆ, ನಾಲ್ಕು ವರ್ಷದಿಂದ ಪ್ರತಿ ಪರೀಕ್ಷೆಯ ನಂತರ ನಾನೇ, ಈ ಕೈಯಿಂದಲೇ, ತಟ್ಟೆಯ ಮೇಲಿನ ಗೆರೆಯನ್ನು ಉಜ್ಜಿ ಅಳಿಸುತ್ತಿದ್ದೆ. ಪಿನ್ನನ್ನು ಮಿಲಿಗ್ರಾಮಿನ ಹತ್ತರಲ್ಲೊಂದು ಭಾಗದವರೆಗೆ ತೂಗುತ್ತಿದ್ದೆ. ತಟ್ಟೆಯನ್ನು ಒಂದು ಸಲವೂ ತೂಗಲಿಲ್ಲ. ಅದು ಕಿಲೋಗೂ ಮೇಲಿದೆ, ನಮ್ಮ ತಕ್ಕಡಿ ಇನ್ನೂರು ಗ್ರಾಮಿಗೆ ನಿಲ್ಲುತ್ತದೆ. ತೂಗಲಾಗದ್ದು ಸವೆಯುವುದೇ ಇಲ್ಲ ಎಂಬಂತೆ ಇದ್ದುಬಿಟ್ಟೆ.

ತಟ್ಟೆ ಒರೆಸಿದ ಕಾಗದಕ್ಕೆ ಅಯಸ್ಕಾಂತ ಹಿಡಿದೆ. ಕಪ್ಪು ಪುಡಿ ಎದ್ದು ಬಂತು. ಹಳೆಯ ನೋಟ್‌ಬುಕ್ ತೆರೆದೆ. ಒಂಬತ್ತು ಕಡೆ ಪಿನ್ನಿನ ತೂಕ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಎಲ್ಲ ಒಂಬತ್ತಕ್ಕೂ 'ತಕ್ಕಡಿ ದೋಷ' ಎಂದು ಬರೆದು ಕೆಂಪು ಗೆರೆ ಎಳೆದಿದ್ದೆ. ತಕ್ಕಡಿಯದು ಏನೂ ತಪ್ಪಿರಲಿಲ್ಲ. ಗಟ್ಟಿ ಕಣಗಳು ತಟ್ಟೆಯನ್ನು ಕೆರೆದು, ಕೆರೆದ ಉಕ್ಕು ಪಿನ್ನಿಗೆ ಮೆತ್ತಿಕೊಂಡಿತ್ತು. ಒಂಬತ್ತು ಸಲ ಯಂತ್ರ ನನಗೆ ನಿಜ ಹೇಳಿದೆ, ಒಂಬತ್ತು ಸಲವೂ ನಾನು ಅದನ್ನು ಗದರಿ ಕೂರಿಸಿದ್ದೇನೆ.

ಗೈಡ್ ಹತ್ತಿರ ಹೋದೆ. ನಿನ್ನ ಎರಡು ಅಚ್ಚುಗಳನ್ನು ಮೇಜಿನ ಮೇಲಿಟ್ಟೆ. ಬೆರಳಾಡಿಸಿ ನೋಡಿದರು. ಆಮೇಲೆ "ತಟ್ಟೆ ಏನಾಯ್ತು ಅಂತ ನಾನೂ ಕೇಳಲಿಲ್ಲವಲ್ಲ" ಅಂದರು. "ಮುಚ್ಚಿಟ್ಟು ಜುಲೈಗೆ ಕೊಡಬಹುದು, ಯಾರಿಗೂ ಗೊತ್ತಾಗಲ್ಲ. ಏನು ಮಾಡ್ತೀಯ?" ಎಂದು ಕೇಳಿದರು. ಪರೀಕ್ಷಿಸಲು ಕೇಳಿದರೋ ನಿಜವಾಗಿ ಕೇಳಿದರೋ, ಇವತ್ತಿಗೂ ಗೊತ್ತಿಲ್ಲ. ಆ ಲಾಂಡ್ರಿಯವಳ ವಿಷಯ ಹೇಳಿದೆ. ಕೊನೆಯ ಅಧ್ಯಾಯವನ್ನು ನಾನೇ ವಾಪಸ್ ತೆಗೆದುಕೊಂಡೆ. ಎಲ್ಲ ಪರೀಕ್ಷೆಗಳನ್ನೂ ಮತ್ತೆ ಮಾಡಬೇಕು, ತಟ್ಟೆಯ ಗೆರೆಯ ಆಳವನ್ನು ಸೂಜಿ ಓಡಿಸಿ ಅಳೆಯಬೇಕು. ಇನ್ನೊಂದು ವರ್ಷ.

ಕೋಪ ಮುಗಿಯಿತು, ಅತ್ತೆ. ನೀನು ಮೇ ಇಪ್ಪತ್ತರ ಕಾಗದ ಬರೆಯದೆ ಇದ್ದಿದ್ದರೆ ನಾನು ಜುಲೈಯಲ್ಲಿ ಪ್ರಬಂಧ ಒಪ್ಪಿಸಿ ಪದವಿ ಪಡೆಯುತ್ತಿದ್ದೆ, ಮುಂದೊಂದು ದಿನ ಯಾವುದೋ ಮೆಟ್ಟಿಲಿನ ಮೇಲೆ ಒಬ್ಬಳು ಬೀಳುತ್ತಿದ್ದಳು. ನನಗೆ ತಿಳಿಯುತ್ತಲೂ ಇರಲಿಲ್ಲ. ಅದರಿಂದ ನನ್ನನ್ನು ಉಳಿಸಿದೆ. ಇದಕ್ಕೆ ನಾನು ಬದುಕಿರುವವರೆಗೂ ಋಣಿ. "ಸಾಕು, ಹೋಗಿ ಕೈ ತೊಳ್ಕೋ" ಅನ್ನಬೇಡ, ಈ ಸಲ ಪೂರ್ತಿ ಓದು.

ನಿನ್ನ,
ಚೂಟಿ

ಜುಲೈ 13

ಚೂಟಿ,

ಪೂರ್ತಿ ಓದಿದೆ. ಎರಡು ಸಲ.

ಚೂರು ಮಾಡಿದ್ದು ಒಳ್ಳೆಯದಾಯಿತು. ಇನ್ನು ನಿನಗೆ ನಾನು ಹೊಗಳಿ ಬರೆದರೆ ಅದರ ಕೆಳಗೆ ಮೇಸ್ತ್ರಿಯ ಸಹಿ ಇದೆಯೋ ನೋಡಿಕೊ.

ಒಂದು ವರ್ಷ ಅನ್ನುವುದು ಏನು ಮಹಾ. ನಾನು ಎರಡನೆಯ ಸಲ ನಡೆಯಲು ಕಲಿಯುವಾಗ ಹದಿನಾಲ್ಕು ತಿಂಗಳು ಹಿಡಿಯಿತು. ಆಗ ನನಗೆ ನಿನ್ನದೇ ವಯಸ್ಸು.

ಅತ್ತೆ

ನವೆಂಬರ್ 30

ಪ್ರೀತಿಯ ಅತ್ತೆ,

ಹೊಸ ಡಬ್ಬಿ ಕಳಿಸುತ್ತಿದ್ದೇನೆ. ಗಟ್ಟಿ ಕಣವನ್ನು ಹದಿನೈದರಿಂದ ಐದಕ್ಕಿಳಿಸಿ, ಮೂರು ಪಾಲು ಗ್ರಾಫೈಟ್ ಸೇರಿಸಿದ್ದೇನೆ. ಪೆನ್ಸಿಲಿನ ಮೊನೆಯಲ್ಲಿರುವುದೇ. ಉಜ್ಜಿದಾಗ ಅದು ತೆಳ್ಳಗೆ ಹರಡಿಕೊಂಡು ಎರಡಕ್ಕೂ ನಡುವೆ ನಿಲ್ಲುತ್ತದೆ. ಕೆಟ್ಟದ್ದನ್ನು ಮೊದಲೇ ಹೇಳುತ್ತೇನೆ. ಈ ಬುಷ್ ಮೊದಲಿನದಕ್ಕಿಂತ ಹೆಚ್ಚು ಸವೆಯುತ್ತದೆ, ಮೂರರ ಬದಲು ಏಳು ಮಿಲಿಗ್ರಾಂ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾಗಬಹುದು. ಆದರೆ ತಟ್ಟೆಯ ಮೇಲೆ ಸೂಜಿ ಓಡಿಸಿದರೆ ಗೆರೆ ಸಿಗುವುದೇ ಕಷ್ಟ. ಸವೆಯಬೇಕಾದ್ದು ಅಚ್ಚಲ್ಲ, ಬುಷ್. ಅದನ್ನು ಬದಲಿಸುವುದು ಅರ್ಧ ಗಂಟೆಯ ಕೆಲಸ ಎಂದು ನೀನೇ ಬರೆದಿದ್ದೆ.

ಒಂದು ನಿನಗೆ. ಎರಡು ತಿಂಗಳು ಹಾಕಿಕೊಂಡು, ಅಚ್ಚನ್ನು ಬಿಚ್ಚಿಸಿ ಅಳತೆ ಮಾಡಿಸಿದ ಮೇಲೆಯೇ ಬೇರೆಯವರ ಮಾತು. ಲಾಂಡ್ರಿಯವಳಿಗೆ ನಡೆದದ್ದೆಲ್ಲ ಹೇಳು, ಒಂದನ್ನೂ ಬಿಡಬೇಡ. ಅವಳು ಬೇಡ ಅಂದರೆ ಬೇಡ.

ನಿನ್ನ,
ಚೂಟಿ

ಫೆಬ್ರವರಿ 17

ಚೂಟಿ,

ಮೊದಲು ದೂರುಗಳು. ಚಳಿಯ ಬೆಳಿಗ್ಗೆ ಮಂಡಿ ಸ್ವಲ್ಪ ಬಿಗಿ, ಹತ್ತು ಹೆಜ್ಜೆಗೆ ಸರಿಹೋಗುತ್ತದೆ. ಗ್ರಾಫೈಟ್ ಒಂದಿಷ್ಟು ಹೊರಗೆ ಬಂದು ಬಿಳಿ ಲಂಗಕ್ಕೆ ಬೂದು ಕಲೆ ಮಾಡಿದೆ, ಎರಡು ಸಲ ಒಗೆದರೂ ಹೋಗಿಲ್ಲ. ಇನ್ನು ಅಚ್ಚು. ಎರಡು ತಿಂಗಳಾದ ಮೇಲೆ ಮೇಸ್ತ್ರಿ ಬಿಚ್ಚಿ ಮೂರು ಕಡೆ ಅಳೆದ. ಮೂರೂ ಕಡೆ ಮೊದಲಿನಷ್ಟೇ ಇದೆ. ಅಳತೆಯ ಚೀಟಿ, ಅವನ ಸಹಿಯೊಂದಿಗೆ, ಇದರಲ್ಲಿದೆ.

ನಿನ್ನೆ ಕಾಲಿನ ಅಂಗಡಿಗೆ ಲಾಂಡ್ರಿಯವಳು ಬಂದಳು. ನೀನು ಹೇಳಿದ ಹಾಗೆ ಒಂದನ್ನೂ ಬಿಡದೆ ಹೇಳಿದೆ. ಮೊದಲನೆಯ ಬುಷ್, ಕಪ್ಪು ಪುಡಿ, ಸ್ಟೂಲು, ನನ್ನ ಸುಳ್ಳು, ನೀನು ಅಧ್ಯಾಯ ವಾಪಸ್ ತೆಗೆದುಕೊಂಡದ್ದು, ಪದವಿ ಒಂದು ವರ್ಷ ಮುಂದಕ್ಕೆ ಹೋದದ್ದು. ಹೇಳುತ್ತಾ ಹೋದ ಹಾಗೆ ನನಗೇ ಅನ್ನಿಸಿತು, ಇಷ್ಟು ಕೇಳಿದ ಮೇಲೆ ಯಾರು ತಾನೆ ಹಾಕಿಸಿಕೊಳ್ಳುತ್ತಾರೆ ಎಂದು. ಮೇಸ್ತ್ರಿ ಮಧ್ಯೆ ಕೆಮ್ಮಿದ, ಸಾಕು ನಿಲ್ಲಿಸಿ ಅನ್ನುವ ಹಾಗೆ. ನಾನು ನಿಲ್ಲಿಸಲಿಲ್ಲ.

ಅವಳು ಹೊಸ ಬುಷ್ಷನ್ನು ಅಂಗೈ ಮೇಲಿಟ್ಟುಕೊಂಡು ನೋಡುತ್ತಾ ಕೂತಳು. "ನನ್ನ ಹೆಸರು ಮುಖ ಏನೂ ಗೊತ್ತಿಲ್ದೇ ಇದ್ರೂ, ನಾನು ಬೀಳಬಾರದು ಅಂತ ಆ ಹುಡುಗಿ ಒಂದು ವರ್ಷ ಬಿಟ್ಳಾ?" ಎಂದು ಕೇಳಿದಳು. ಹೂಂ ಅಂದೆ. ಇನ್ನೇನಾದರೂ ಕೇಳುತ್ತಾಳೆಂದು ಕಾದೆ. ಅವಳು ಕಾಲು ಕಳಚಿ ಮೇಸ್ತ್ರಿಯ ಮೇಜಿನ ಮೇಲಿಟ್ಟು, "ಹಾಗಾದ್ರೆ ಹಾಕಿ ಅಣ್ಣಾ" ಅಂದಳು.

ಅತ್ತೆ